ಮೊರಾಕ್ಕೊದಲ್ಲಿ ಒಬ್ಬಳೇ 18 ದಿನ: ನಾನು ಓಡಾಡಿದ್ದು ಹೀಗೆ

ಟಿಕೆಟ್ ತೆಗೆಯುವಾಗಲೇ ನಾನು ಒಂಬತ್ತು ಸಾವಿರ ರೂಪಾಯಿ ಜಾಸ್ತಿ ಕೊಟ್ಟೆ. ಕಡಿಮೆ ದರದ ವಿಮಾನ ಕಾಸಾಬ್ಲಾಂಕಾದಲ್ಲಿ ರಾತ್ರಿ ಹನ್ನೊಂದು ದಾಟಿದ ಮೇಲೆ ಇಳಿಯುತ್ತಿತ್ತು, ಇನ್ನೊಂದು ಮಧ್ಯಾಹ್ನ ಒಂದಕ್ಕೆ. ಗೊತ್ತಿಲ್ಲದ ಊರಿಗೆ ಬೆಳಕಿರುವಾಗಲೇ ಕಾಲಿಡಬೇಕು ಅಂತ ನಾನು ಇಟ್ಟುಕೊಂಡಿರುವ ನಿಯಮ. 18 ದಿನದಲ್ಲಿ ಊರಿಂದ ಊರಿಗೆ ಹೋಗುವಾಗಲೂ ಅದನ್ನೇ ಪಾಲಿಸಿದೆ. ನಾನು ಹೋಗಿದ್ದು ನವೆಂಬರ್‌ನಲ್ಲಿ, ಆರೂವರೆ ಹೊತ್ತಿಗೆ ಅಲ್ಲಿ ಕತ್ತಲಾಗುತ್ತಿತ್ತು. ಹಾಗಾಗಿ ಯಾವ ಬಸ್ಸೇ ಆಗಲಿ, ರೈಲೇ ಆಗಲಿ, ಸಂಜೆ ಐದರೊಳಗೆ ತಲುಪುವಂಥದ್ದನ್ನೇ ಹಿಡಿದೆ.

ನನ್ನ ಚಿಕ್ಕಮ್ಮನ ಮಗಳು ಮುಂದಿನ ತಿಂಗಳು ಒಬ್ಬಳೇ ಹೊರಟಿದ್ದಾಳೆ. ಅವಳಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹೆದರಿಸಬೇಕು ಅಂತ ಅಲ್ಲ. ಆದರೆ "ಏನೂ ಆಗಲ್ಲ, ಸುಮ್ನೆ ಹೋಗಿ ಬಾ" ಅಂತಲೂ ಹೇಳಲಾರೆ, ಯಾಕೆಂದರೆ ನನಗೆ ಎರಡು ಮೂರು ಕಡೆ ಏನೋ ಆಯಿತು.

ಮೊದಲನೆಯದು ಫೆಸ್ ಊರಿನಲ್ಲಿ. ಅಲ್ಲಿಯ ಹಳೇ ಊರಿಗೆ ಮದೀನಾ ಅನ್ನುತ್ತಾರೆ, ಒಳಗೆ ಕಾರು ಹೋಗುವುದಿಲ್ಲ, ಬರೀ ಓಣಿಗಳು. ಬಾಬ್ ಬೂ ಜೆಲೂದ್ ಅನ್ನುವ ನೀಲಿ ಬಾಗಿಲಿಂದ ಒಳಗೆ ಹೋದರೆ ತಲಾ ಕಬೀರಾ ಅನ್ನುವ ದೊಡ್ಡ ಬೀದಿ ಇಳಿಜಾರಾಗಿ ಕೆಳಗೆ ಹೋಗುತ್ತದೆ. ನಾನು ಚುವಾರಾದ ಚರ್ಮ ಹದ ಮಾಡುವ ಜಾಗ ನೋಡಲು ಹೊರಟಿದ್ದೆ. ಹದಿನೇಳು ಹದಿನೆಂಟರ ಹುಡುಗನೊಬ್ಬ ಪಕ್ಕದಲ್ಲಿ ಬಂದು "ಆ ದಾರಿ ಬಂದ್ ಆಗಿದೆ, ಮುಂದೆ ಬರೀ ಮನೆಗಳು, ಈ ಕಡೆ ಬನ್ನಿ" ಅಂದ. ನಾನು "ಹೌದಾ?" ಅಂದೆ. ಅಲ್ಲೇ ತಪ್ಪಿದ್ದು. ಯಾರಾದರೂ ಮಾತಾಡಿಸಿದರೆ ಉತ್ತರ ಕೊಡಬೇಕು, ಮುಖ ತಿರುಗಿಸಿಕೊಂಡು ಹೋದರೆ ಸೊಕ್ಕು ಅಂದುಕೊಳ್ಳುತ್ತಾರೆ ಅಂತ ನಮ್ಮನ್ನು ಬೆಳೆಸಿರುತ್ತಾರೆ ಅಲ್ವಾ? ಆ ಅಭ್ಯಾಸ ನನ್ನನ್ನು ಐದಾರು ತಿರುವು ದಾಟಿಸಿ, ಅಂಗಡಿಗಳೇ ಇಲ್ಲದ, ಎರಡು ಕೈ ಚಾಚಿದರೆ ಗೋಡೆ ಸಿಗುವ ಓಣಿಗೆ ತಂದು ನಿಲ್ಲಿಸಿತು. ಅಷ್ಟರಲ್ಲಿ ಅವನ ಜೊತೆ ಇನ್ನೊಬ್ಬ ಸೇರಿಕೊಂಡಿದ್ದ. ಹೊರಗೆ ಕರೆದುಕೊಂಡು ಹೋಗಲು 200 ದಿರ್ಹಮ್ ಕೇಳಿದರು. ದನಿ ಬದಲಾಗಿತ್ತು.

ಆಗ ತಲೆ ಮೇಲೆ ಹಲಗೆ ಇಟ್ಟುಕೊಂಡು ಒಬ್ಬ ಹೆಂಗಸು ಬಂದರು. ಹಲಗೆ ಮೇಲೆ ಬಟ್ಟೆ ಮುಚ್ಚಿದ ರೊಟ್ಟಿ ಹಿಟ್ಟು. ಫೆಸ್‌ನಲ್ಲಿ ಈಗಲೂ ಎಷ್ಟೋ ಮನೆಯವರು ಹಿಟ್ಟು ನಾದಿ ಓಣಿಯ ಸಾರ್ವಜನಿಕ ಒಲೆಗೆ ಒಯ್ದು ಬೇಯಿಸಿಕೊಂಡು ಬರುತ್ತಾರೆ. ಆ ಒಲೆಗೆ ಫೆರ್ರಾನ್ ಅನ್ನುತ್ತಾರೆ. ನಾನು ಸೀದಾ ಅವರ ಪಕ್ಕ ಹೋಗಿ "ಖಾಲ್ತಿ" ಅಂದೆ. ಚಿಕ್ಕಮ್ಮಾ ಅಂದ ಹಾಗೆ. ಹೊರಡುವ ಮೊದಲು ಕಲಿತ ಹತ್ತು ಅರಬ್ಬಿ ಪದಗಳಲ್ಲಿ ಅದೊಂದು. ಮುಂದೆ ಏನು ಹೇಳಬೇಕೋ ಗೊತ್ತಾಗಲಿಲ್ಲ, ಹಿಂದೆ ನಿಂತ ಹುಡುಗರ ಕಡೆ ನೋಡಿದೆ ಅಷ್ಟೇ. ಅವರಿಗೆ ಅರ್ಥವಾಯಿತು. ಹಲಗೆ ಅಲುಗದ ಹಾಗೆ ತಲೆ ಮಾತ್ರ ತಿರುಗಿಸಿ ಆ ಹುಡುಗರಿಗೆ ಏನೋ ಬೈದರು, ಇಬ್ಬರೂ ಮರುಮಾತಾಡದೆ ಹೋದರು. ಒಲೆಯಲ್ಲಿ ಹಿಟ್ಟು ಕೊಟ್ಟ ಮೇಲೆ ನನ್ನನ್ನು ದೊಡ್ಡ ಬೀದಿವರೆಗೆ ಕೈ ಹಿಡಿದೇ ಕರೆದುಕೊಂಡು ಬಂದು ಬಿಟ್ಟರು. ದುಡ್ಡು ಕೊಡಲು ಹೋದರೆ ಬೇಸರ ಮಾಡಿಕೊಂಡರು.

ಆ ದಿನದಿಂದ ಒಂದು ಜರಡಿ ಇಟ್ಟುಕೊಂಡೆ. ನಾನಾಗಿ ಯಾರ ಹತ್ತಿರ ಹೋಗಿ ಕೇಳುತ್ತೇನೋ ಅವರ ಜೊತೆ ಮಾತು. ತಾವಾಗಿ ಬಂದು ನನ್ನ ಜೊತೆ ಹೆಜ್ಜೆ ಹಾಕುವವರ ಜೊತೆ ಮಾತಿಲ್ಲ. ದಾರಿ ಕೇಳುವುದಾದರೆ ಹೆಂಗಸರನ್ನು, ಅದರಲ್ಲೂ ಮಕ್ಕಳ ಜೊತೆ ಇರುವವರನ್ನು, ಇಲ್ಲದಿದ್ದರೆ ಅಂಗಡಿ ಬಿಟ್ಟು ಏಳಲಾಗದ ಅಂಗಡಿಯವರನ್ನು. ಓಣಿ ಮಧ್ಯೆ ನಿಂತು ಫೋನಿನಲ್ಲಿ ಮ್ಯಾಪ್ ನೋಡುವುದನ್ನು ಬಿಟ್ಟೆ. ಆ ಎತ್ತರದ ಗೋಡೆಗಳ ನಡುವೆ ಜಿಪಿಎಸ್ ಹೇಗೂ ತಪ್ಪು ಜಾಗ ತೋರಿಸುತ್ತದೆ, ಜೊತೆಗೆ "ಇವಳು ದಾರಿ ತಪ್ಪಿದ್ದಾಳೆ" ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಯಾವುದಾದರೂ ಅಂಗಡಿ ಒಳಗೆ ಹೋಗಿ ನೋಡಿಕೊಳ್ಳುತ್ತಿದ್ದೆ.

ಅರ್ಧ ದಿನಕ್ಕೆ ಗೈಡ್ ಬೇಕು ಅನ್ನಿಸಿದರೆ ಉಳಿದುಕೊಂಡ ಮನೆಯವರ ಮೂಲಕ ಕರೆಸಿ. ಸರಕಾರದ ಪರವಾನಗಿ ಇರುವ ಗೈಡ್‌ಗಳು ಕಾರ್ಡ್ ಹಾಕಿಕೊಂಡಿರುತ್ತಾರೆ.

ಬೇಡ ಅನ್ನುವುದಕ್ಕೆ ನನ್ನ ಹತ್ತಿರ ಮೂರು ಮೆಟ್ಟಿಲಿದ್ದವು. ಮೊದಲು "ಲಾ, ಶುಕ್ರನ್", ಬೇಡ ಥ್ಯಾಂಕ್ಸ್, ಒಂದೇ ಸಲ, ನಡೆಯುತ್ತಲೇ, ಮುಖ ನೋಡದೆ. ಬಿಡದಿದ್ದರೆ "ಸಾಫಿ", ಸಾಕು. ಅದಕ್ಕೂ ಬಗ್ಗದಿದ್ದರೆ ನಿಂತು, ಜೋರಾಗಿ, ನಾಲ್ಕು ಜನಕ್ಕೆ ಕೇಳುವ ಹಾಗೆ "ಹ್ಶೂಮಾ!" ನಾಚಿಕೆ ಆಗಲ್ವಾ ಅಂತ ನಾವು ಕೇಳುತ್ತೇವಲ್ಲ, ಆ ತೂಕದ ಮಾತು ಅದು. ಮೂರನೆಯದು ಇಡೀ ಪ್ರವಾಸದಲ್ಲಿ ಎರಡೇ ಸಲ ಬೇಕಾಯಿತು. ಒಂದು ಸಲ ಮರಾಕೆಶ್‌ನ ಜೆಮಾ ಎಲ್ ಫ್ನಾ ಮೈದಾನದಲ್ಲಿ, ಸಂಜೆ ಡೋಲು ಬಾರಿಸುವವರ ಸುತ್ತ ಜನ ನೆರೆದಿದ್ದಾಗ, ಹಿಂದಿಂದ ಒಬ್ಬ ಮೈ ಮುಟ್ಟಿದ. ಕೈ ಕಾಲು ನಡುಗಿದರೂ ತಿರುಗಿ ಕೂಗಿದೆ. ಪಕ್ಕದ ಕಿತ್ತಳೆ ರಸದ ಗಾಡಿಯಲ್ಲಿದ್ದ ವಯಸ್ಸಾದವರು ಗಾಡಿಯಿಂದ ಇಳಿದು ಅವನ ಮೇಲೆ ಹರಿಹಾಯ್ದರು, ಅವನು ಗುಂಪಿನಲ್ಲಿ ಮಾಯ. ಆ ಕತ್ತಲಿನ ಗುಂಪಿಗೆ ಮತ್ತೆ ಹೋಗಲಿಲ್ಲ, ಸುತ್ತಲಿನ ಕೆಫೆಗಳ ಮಹಡಿ ಮೇಲೆ ಕೂತು ಚಹಾ ಕುಡಿಯುತ್ತಾ ಅದೇ ಮೈದಾನ ನೋಡಿದೆ. ನಿಜ ಹೇಳಬೇಕೆಂದರೆ ಅಲ್ಲಿಂದಲೇ ಚೆನ್ನಾಗಿ ಕಾಣುತ್ತದೆ.

ಇದು ಬರೀ ನಾಚಿಕೆಯ ಮಾತಲ್ಲ, ಕಾನೂನೂ ಇದೆ. ಹೆಂಗಸರ ಮೇಲಿನ ದೌರ್ಜನ್ಯದ ವಿರುದ್ಧ ಮೊರಾಕ್ಕೊದ 103-13ನೇ ಕಾನೂನು 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂತು. ಬೀದಿಯಲ್ಲಿ ಕಾಟ ಕೊಟ್ಟರೆ ಒಂದರಿಂದ ಆರು ತಿಂಗಳವರೆಗೆ ಜೈಲು, 2,000ದಿಂದ 10,000 ದಿರ್ಹಮ್‌ವರೆಗೆ ದಂಡ. ಊರುಗಳಲ್ಲಿ ಪೊಲೀಸ್ ನಂಬರ್ 19, ಹಳ್ಳಿ ಕಡೆ ಜೆಂಡಾರ್ಮರಿ ಅನ್ನುವ ಪೊಲೀಸರದ್ದು 177. ಮರಾಕೆಶ್, ಫೆಸ್‌ನಂಥ ಊರುಗಳಲ್ಲಿ ಪ್ರವಾಸಿಗರಿಗೇ ಬೇರೆ ಪೊಲೀಸರಿದ್ದಾರೆ. ಈ ಎರಡು ನಂಬರನ್ನು ಚೀಟಿಯಲ್ಲೂ ಬರೆದು ಪರ್ಸಿನಲ್ಲಿಟ್ಟಿದ್ದೆ, ಫೋನ್ ಹೋದರೂ ಇರಲಿ ಅಂತ.

ಅದೇ ಮೈದಾನದಲ್ಲಿ ಗೋರಂಟಿ ಹಾಕುವ ಹೆಂಗಸರಿಂದಲೂ ದೂರ ಇರಿ. ಕೇಳದೆ ಕೈ ಹಿಡಿದು ಗೆರೆ ಎಳೆದು ಆಮೇಲೆ ದುಡ್ಡು ಕೇಳುತ್ತಾರೆ. ಕಪ್ಪು ಗೋರಂಟಿ ಅಂತ ಹಾಕುವುದರಲ್ಲಿ ಕೂದಲಿಗೆ ಹಚ್ಚುವ ಬಣ್ಣದ ರಾಸಾಯನಿಕ ಇರುತ್ತದೆ, ಚರ್ಮ ಸುಟ್ಟು ಬೊಬ್ಬೆ ಬರಬಹುದು. ನಾನು ಎರಡೂ ಕೈ ಜೇಬಿನಲ್ಲಿಟ್ಟುಕೊಂಡೇ ದಾಟುತ್ತಿದ್ದೆ.

ಓಡಾಟದ ವಿಷಯಕ್ಕೆ ಬರೋಣ. ರೈಲು ತುಂಬಾ ಚೆನ್ನಾಗಿದೆ. ಸ್ವಲ್ಪ ಜಾಸ್ತಿ ಕೊಟ್ಟು ಫಸ್ಟ್ ಕ್ಲಾಸ್ ತೆಗೆದೆ, ನಂಬರ್ ಇರುವ ಸೀಟು ಸಿಗುತ್ತದೆ, ನುಗ್ಗಾಟ ಇಲ್ಲ. ರೈಲಿಲ್ಲದ ಶೆಫ್ಶಾವೆನ್‌ನಂಥ ಊರಿಗೆ ಸಿಟಿಎಂ ಅನ್ನುವ ಕಂಪನಿಯ ಬಸ್. ಊರೊಳಗೆ ಪೆಟಿ ಟ್ಯಾಕ್ಸಿ ಅನ್ನುವ ಚಿಕ್ಕ ಕಾರುಗಳು. ಕಾಸಾಬ್ಲಾಂಕಾ, ಫೆಸ್‌ನಲ್ಲಿ ಕೆಂಪು, ರಬಾತ್‌ನಲ್ಲಿ ನೀಲಿ. ಹತ್ತುವಾಗಲೇ "ಕೊಂತೂರ್" ಅನ್ನಿ, ಮೀಟರ್ ಹಾಕು ಅಂತ. ರಾತ್ರಿ ಎಂಟರ ಮೇಲೆ ಒಂದೂವರೆ ಪಟ್ಟು, ಅದು ಮೋಸ ಅಲ್ಲ. ಇನ್ನೊಂದು ವಿಷಯ ಮೊದಲೇ ಗೊತ್ತಿರಲಿ. ನೀವು ಕೂತಿರುವಾಗ ದಾರಿಯಲ್ಲಿ ನಿಲ್ಲಿಸಿ ಬೇರೆಯವರನ್ನೂ ಹತ್ತಿಸಿಕೊಳ್ಳುತ್ತಾರೆ. ರಬಾತ್‌ನಲ್ಲಿ ಹೀಗೆ ಒಬ್ಬ ಗಂಡಸು ಮುಂದಿನ ಸೀಟಿಗೆ ಹತ್ತಿದಾಗ ನನ್ನ ಎದೆ ಧಸಕ್ ಅಂತು, ಬಾಗಿಲ ಹಿಡಿ ಮೇಲೆ ಕೈ ಇಟ್ಟುಕೊಂಡೇ ಕೂತೆ. ಅವನು ಎರಡು ಬೀದಿ ದಾಟಿ ಇಳಿದು ಹೋದ. ಮೂರು ಜನರವರೆಗೆ ಹೀಗೆ ಹತ್ತಿಸಿಕೊಳ್ಳುವುದು ಅಲ್ಲಿ ದಿನದ ರೂಢಿ ಅಂತ ಆಮೇಲೆ ತಿಳಿಯಿತು.

ಊರಿಂದ ಊರಿಗೆ ಹೋಗುವ ದೊಡ್ಡ ಶೇರ್ ಟ್ಯಾಕ್ಸಿಗೆ ಗ್ರಾಂ ಟ್ಯಾಕ್ಸಿ ಅನ್ನುತ್ತಾರೆ, ಆರು ಜನ ತುಂಬಿದ ಮೇಲೆ ಹೊರಡುತ್ತದೆ. ಹಳೇ ಮರ್ಸಿಡಿಸ್ ಆದರೆ ಮುಂದೆ ಡ್ರೈವರ್ ಪಕ್ಕ ಇಬ್ಬರು, ಹಿಂದೆ ನಾಲ್ವರು ಒತ್ತಿಕೊಂಡು. ಅಂಥದ್ದು ಸಿಕ್ಕಾಗ ಮುಂದಿನ ಎರಡೂ ಸೀಟಿನ ದುಡ್ಡು ಕೊಟ್ಟು ಒಬ್ಬಳೇ ಕೂತೆ. ಹೊಸ ಗಾಡಿಗಳಲ್ಲಿ ಮುಂದೆ ಒಂದೇ ಸೀಟು, ಅದನ್ನು ಕೇಳಿದರೆ ಹೆಂಗಸರಿಗೆ ಬಿಟ್ಟುಕೊಡುತ್ತಾರೆ. ಮರಾಕೆಶ್‌ನಿಂದ ಇಮ್ಲಿಲ್‌ಗೆ ಹೀಗೇ ಹೋಗಿದ್ದು.

ಇಮ್ಲಿಲ್ ಅಂದಾಗ ಆ ಇಬ್ಬರು ಹುಡುಗಿಯರನ್ನು ನೆನೆಯದೆ ಇರಲಾರೆ. 2018ರ ಡಿಸೆಂಬರ್‌ನಲ್ಲಿ, ಆ ಬೆಟ್ಟದಲ್ಲಿ ಟೆಂಟ್ ಹಾಕಿಕೊಂಡಿದ್ದ ಸ್ಕ್ಯಾಂಡಿನೇವಿಯಾದ ಇಬ್ಬರನ್ನು ಉಗ್ರರು ಕೊಂದರು. ಅದಾದ ಮೇಲೆ 4,167 ಮೀಟರ್‌ನ ತೂಬ್ಕಾಲ್ ಶಿಖರದ ದಾರಿಯಲ್ಲಿ ಪಾಸ್‌ಪೋರ್ಟ್ ತಪಾಸಣೆ ಬಂತು, ಗೈಡ್ ಇಲ್ಲದೆ ಬಿಡುವುದಿಲ್ಲ. ನಾನು ಶಿಖರ ಹತ್ತಲಿಲ್ಲ, ಒಂದು ದಿನ ಕಣಿವೆ ಹಳ್ಳಿಗಳಲ್ಲಿ ನಡೆದೆ ಅಷ್ಟೇ. ಅದಕ್ಕೂ ಗೈಡ್ ಕರೆದುಕೊಂಡೆ. ಬೆಟ್ಟದಲ್ಲಾಗಲಿ ಮರಳುಗಾಡಿನಲ್ಲಾಗಲಿ ಒಬ್ಬರೇ ಟೆಂಟ್ ಹಾಕಿ ಮಲಗಬೇಡಿ. ಈ ಒಂದು ವಿಷಯದಲ್ಲಿ ನಾನು ಖಡಕ್.

ಉಳಿಯಲು ರಿಯಾದ್‌ಗಳನ್ನು ಹಿಡಿದೆ. ನಮ್ಮ ಕಡೆಯ ತೊಟ್ಟಿಮನೆ ಹಾಗೆ, ನಡುವೆ ಅಂಗಳ, ಸುತ್ತ ಕೋಣೆ, ಕಿಟಕಿಗಳೆಲ್ಲ ಒಳಗೇ ತೆರೆಯುತ್ತವೆ. ಬೀದಿ ಕಡೆಗೆ ಒಂದೇ ಗಟ್ಟಿ ಬಾಗಿಲು. ಮರಾಕೆಶ್‌ನ ಒಂದರಲ್ಲಿ ಕೋಣೆಯ ಚಿಲಕ ಸರಿಯಿರಲಿಲ್ಲ, ನಾಳೆ ಸರಿ ಮಾಡುತ್ತೇವೆ ಅಂತ ಎರಡು ದಿನ ತಳ್ಳಿದರು. ಬಾಗಿಲ ಕೆಳಗೆ ತುರುಕುವ ರಬ್ಬರ್ ತುಂಡನ್ನು ಊರಿಂದಲೇ ಒಯ್ದಿದ್ದೆ, ಆ ಎರಡು ರಾತ್ರಿ ನಿದ್ದೆ ಬಂದಿದ್ದು ಅದರಿಂದಲೇ. ಮೊದಲ ದಿನ ಮದೀನಾ ಬಾಗಿಲಿಗೆ ಯಾರನ್ನಾದರೂ ಕಳಿಸಿ ಅಂತ ಹಿಂದಿನ ದಿನವೇ ಮೆಸೇಜ್ ಮಾಡಿ, ಅವರ ಹೆಸರನ್ನೂ ಕೇಳಿಟ್ಟುಕೊಳ್ಳಿ. "ನಾನೇ ರಿಯಾದ್‌ನವನು" ಅಂತ ಬೇರೆಯವರೂ ಬರುತ್ತಾರೆ. ರಾತ್ರಿ ಊಟ ಹೆಚ್ಚಾಗಿ ರಿಯಾದ್‌ನಲ್ಲೇ ಹೇಳಿಬಿಡುತ್ತಿದ್ದೆ. ನಾನು ಸಸ್ಯಾಹಾರಿ, ಬದನೆಕಾಯಿಯ ಝಾಲೂಕ್, ಬಿಸಿ ರೊಟ್ಟಿ, ಶುಕ್ರವಾರ ತರಕಾರಿ ಹಾಕಿದ ಕೂಸ್‌ಕೂಸ್, ಏನೂ ಕಡಿಮೆಯಾಗಲಿಲ್ಲ.

ಬಟ್ಟೆಗೆ ತಲೆ ಕೆಡಿಸಿಕೊಳ್ಳಬೇಡಿ, ಸಡಿಲ ಕುರ್ತಾ, ಪ್ಯಾಂಟ್, ದುಪಟ್ಟಾ ಸಾಕು. ತಲೆ ಮುಚ್ಚಬೇಕು ಅಂತೇನಿಲ್ಲ. ಕರಿಮಣಿ ಅಲ್ಲಿ ಯಾರಿಗೂ ಅರ್ಥವಾಗುವುದಿಲ್ಲ, ಬೆರಳಿನ ಉಂಗುರ ಅರ್ಥವಾಗುತ್ತದೆ, ಹಾಗಾಗಿ ಒಂದು ಸಾದಾ ಉಂಗುರ ಹಾಕಿಕೊಂಡಿದ್ದೆ. ಭಾರತದವಳು ಅಂತ ಗೊತ್ತಾದ ಕೂಡಲೇ "ಹಿಂದಿಯಾ! ಶಾರುಖ್ ಖಾನ್! ಅಮಿತಾಭ್!" ಅಂತ ಕೂಗುತ್ತಾರೆ. ಆ ಪ್ರೀತಿ ನಿಜವಾದದ್ದೇ, ಅಲ್ಲಿ ಹಿಂದಿ ಸಿನಿಮಾ ನೋಡಿಕೊಂಡೇ ಬೆಳೆದವರು ಬಹಳ. ಎಷ್ಟೋ ಸಲ ನಕ್ಕು ಕೈ ಬೀಸಿದೆ. ಆದರೆ ನಿಲ್ಲುತ್ತಿರಲಿಲ್ಲ.

ಎಲ್ಲಕ್ಕಿಂತ ನೆಮ್ಮದಿ ಸಿಕ್ಕಿದ್ದು ಫೆಸ್‌ನ ಹಮ್ಮಾಮ್‌ನಲ್ಲಿ. ಊರಿನವರೇ ಹೋಗುವ ಸ್ನಾನದ ಮನೆ, ಹೆಂಗಸರಿಗೆ ಬೇರೆ ಹೊತ್ತು. ಕರಿ ಸೋಪು ಮತ್ತು ಕೆಸ್ಸಾ ಅನ್ನುವ, ಮೈ ಉಜ್ಜುವ ಒರಟು ಕೈಗವಸು ತೆಗೆದುಕೊಂಡು ಹೋದೆ. ಒಳಗೆ ಹಬೆ, ಬಕೆಟ್ ಸದ್ದು, ಹೆಂಗಸರ ನಗು. ಪರಿಚಯವೇ ಇಲ್ಲದ ಅಜ್ಜಿಯೊಬ್ಬರು ಕೇಳದೆಯೇ ನನ್ನ ಬೆನ್ನು ಉಜ್ಜಿದರು. ನಮ್ಮಜ್ಜಿ ದೀಪಾವಳಿ ಎಣ್ಣೆ ಸ್ನಾನಕ್ಕೆ ಉಜ್ಜುತ್ತಿದ್ದ ಹಾಗೇ, ಅಷ್ಟೇ ಜೋರಾಗಿ. ಹೊರಗೆ ದಿನವಿಡೀ ಬಿಗಿ ಹಿಡಿದುಕೊಂಡಿದ್ದ ಭುಜ ಅಲ್ಲಿ ಸಡಿಲವಾಯಿತು, ಸ್ವಲ್ಪ ಅತ್ತೂ ಬಿಟ್ಟೆ.

ಮತ್ತೆ ಹೋಗುವುದಾದರೆ ಊರುಗಳ ಸಾಲು ಬದಲಾಯಿಸುತ್ತೇನೆ. ನಾನು ಕೊನೆಗೆ ಹೋದ ಎಸ್ಸೌಯಿರಾ ಕಡಲ ತೀರದ ಚಿಕ್ಕ ಊರು, ಗಾಳಿ ಜಾಸ್ತಿ, ಜನ ಹಿಂದೆ ಬೀಳುವುದು ಕಡಿಮೆ. ಓಣಿಗಳೂ ನೇರ, ದಾರಿ ತಪ್ಪುವುದು ಕಷ್ಟ. ಮೊದಲ ನಾಲ್ಕು ದಿನ ಅಲ್ಲಿದ್ದು, ಆ ಹತ್ತು ಪದಗಳನ್ನು ಬಾಯಿಗೆ ಹತ್ತಿಸಿಕೊಂಡು, ಆಮೇಲೆ ಮರಾಕೆಶ್, ಕೊನೆಗೆ ಫೆಸ್. ತಂಗಿಗೂ ಹಾಗೇ ಬರೆದು ಕೊಟ್ಟಿದ್ದೇನೆ. ರಬ್ಬರ್ ತುಂಡನ್ನು ನಾಳೆ ಕೊರಿಯರ್ ಮಾಡಬೇಕು.