ಕಣ್ಣಂದಾಜು ಬೇಡ್ರಿ: ಹೊಸ ಆ್ಯಂಟಿಬಯೋಟಿಕ್ ಪರೀಕ್ಷಿಸುವುದು ಹೀಗೆ

ವಿಜಯಪುರದಲ್ಲಿ ಎಂಎಸ್ಸಿ ಪ್ರಾಜೆಕ್ಟಿನ ಹುಡುಗರು ಪ್ರತಿ ವರ್ಷ ತಟ್ಟೆ ಹಿಡಿದು ಓಡಿ ಬರುತ್ತಾರೆ. ‘ಸರ್, ನಮ್ಮ ಔಷಧಕ್ಕ 28 ಮಿಲಿಮೀಟರ್ ವಲಯ ಬಂದೈತ್ರಿ!’ ವಲಯವೆಂದರೆ ಔಷಧ ಹೀರಿದ ಪುಟ್ಟ ಕಾಗದದ ಬಿಲ್ಲೆಯ (ಡಿಸ್ಕ್) ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ಉಳಿದ ಖಾಲಿ ವೃತ್ತ. ಬ್ಯಾಕ್ಟೀರಿಯಾ ಎಷ್ಟು ದಟ್ಟ ಬಿತ್ತಿದ್ರಿ ಎಂದರೆ, ‘ಕಣ್ಣಂದಾಜು ಹಾಕೀವ್ರಿ.’ ಆ 28ನ್ನು ಅಲ್ಲೇ ಹೊಡೆದುಹಾಕುತ್ತೇನೆ.

ಮೊದಲು ತಟ್ಟೆ. ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಲೋಳೆಯಂಥ ಆಹಾರ, ಮುಲ್ಲರ್-ಹಿಂಟನ್ ಅಗಾರ್, 4 ಮಿ.ಮೀ. ದಪ್ಪ. ಕಡಕ್ ರೊಟ್ಟಿಯಂತೆ ತೆಳುವಾದರೆ ವಲಯ ಸುಳ್ಳೇ ಹಿಗ್ಗುತ್ತದೆ. ಅಗ್ಗವೆಂದು ನ್ಯೂಟ್ರಿಯೆಂಟ್ ಅಗಾರ್ ಸುರಿಯಬೇಡಿ.

ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ. ಹಿಂದಿನ ದಿನ ಬೆಳೆಸಿದ ತಟ್ಟೆಯಿಂದ ಒಂದೇ ರೂಪದ ನಾಲ್ಕೈದು ಕಾಲೊನಿಗಳ (ಬ್ಯಾಕ್ಟೀರಿಯಾ ಗುಂಪುಗಳ) ನೆತ್ತಿಯನ್ನಷ್ಟೇ ಲೂಪಿನಿಂದ ಮುಟ್ಟಿ, ಸಲೈನಿನಲ್ಲಿ (ಉಪ್ಪುನೀರಿನಲ್ಲಿ) ಗಂಟಿಲ್ಲದಂತೆ ಕದಡಿ. ಅದರ ಮಬ್ಬು 0.5 ಮ್ಯಾಕ್‌ಫರ್ಲೆಂಡ್ ಪ್ರಮಾಣಕಕ್ಕೆ, ಅಂದರೆ ಮಬ್ಬು ಹೋಲಿಸಲು ಇಟ್ಟ ಕೊಳವೆಗೆ, ಸರಿಹೊಂದಬೇಕು, ಇ. ಕೊಲೈ ಬ್ಯಾಕ್ಟೀರಿಯಾ ಆದರೆ ಮಿಲಿಲೀಟರಿಗೆ 10ರಿಂದ 20 ಕೋಟಿ ಜೀವಿಗಳು. ಕಪ್ಪು ಗೆರೆ ಎಳೆದ ಬಿಳಿ ಕಾರ್ಡನ್ನು ಎರಡೂ ಕೊಳವೆಗಳ ಹಿಂದೆ ಹಿಡಿಯಿರಿ, ಗೆರೆ ಎರಡರಲ್ಲೂ ಒಂದೇ ಸಮ ಮಸುಕಾಗಿ ಕಾಣಲಿ. ಕೊಳವೆಗಳ ಅಳತೆಯೂ ಒಂದೇ ಇರಲಿ. ಪ್ರಮಾಣಕವನ್ನು ಮೊದಲು ಚೆನ್ನಾಗಿ ಅಲುಗಿಸಿ, ಬೇರಿಯಂ ಸಲ್ಫೇಟ್ ತಳದಲ್ಲಿ ಕೂತಿರುತ್ತದೆ. ಹಳೆಯದಾಗಿ ಗಂಟು ಕಟ್ಟಿದ ಪ್ರಮಾಣಕವನ್ನು ಚೆಲ್ಲಿ. ಸೀನಿಯರ್‌ಗಳು ಬಿಟ್ಟುಹೋದ ಬಾಟಲಿಯ ಮೇಲೆ ಅದೆಂಥ ಮಮಕಾರವೋ! ದಟ್ಟವಾಯಿತೇ, ಸಲೈನ್ ಸೇರಿಸಿ. ತೆಳುವಾಯಿತೇ, ಇನ್ನೊಂದು ಕಾಲೊನಿ. ಕೂರಿಗೆ ಹಿಡಿದವರಿಗೆ ಇದನ್ನು ಹೇಳಬೇಕಿಲ್ಲ: ಬಿತ್ತನೆ ದಟ್ಟವಾದರೆ ಒಳ್ಳೆಯ ಔಷಧವೂ ಸೋತಂತೆ ಕಾಣುತ್ತದೆ, ವಿರಳವಾದರೆ ಕಳಪೆಯೂ ಗೆಲ್ಲುತ್ತದೆ. 15 ನಿಮಿಷದೊಳಗೆ ಬಳಸಿ. ಚಹಾ ಕುಡಿದು ಬರುವಷ್ಟರಲ್ಲಿ ಅವುಗಳ ಲೆಕ್ಕ ತಪ್ಪಿರಬಹುದು.

ಸ್ವಾಬ್ (ಹತ್ತಿ ಸುತ್ತಿದ ಕಡ್ಡಿ) ಅದ್ದಿ, ಕೊಳವೆಯ ಗೋಡೆಗೆ ಒತ್ತಿ ಹಿಂಡಿ. ತಟ್ಟೆಯನ್ನು 60 ಡಿಗ್ರಿಯಂತೆ ತಿರುಗಿಸುತ್ತ ಮೂರು ಸಲ ಸವರಿ. ಡಿಸ್ಕುಗಳ ನಡುವೆ, ಕೇಂದ್ರದಿಂದ ಕೇಂದ್ರಕ್ಕೆ, 24 ಮಿ.ಮೀ. ಬಿಡಿ. ಇಟ್ಟ ಡಿಸ್ಕನ್ನು ಸರಿಸಬೇಡಿ. ಫ್ರಿಜ್ಜಿನಿಂದ ತೆಗೆದ ಡಿಸ್ಕಿನ ಡಬ್ಬಿ ತಣ್ಣಗಿರುವಾಗಲೇ ಮುಚ್ಚಳ ತೆರೆದರೆ ಒಳಗೆ ತೇವ ಕೂರುತ್ತದೆ.

ತಟ್ಟೆ ಮಗುಚಿ 35 ಡಿಗ್ರಿಯಲ್ಲಿ 16ರಿಂದ 18 ಗಂಟೆ. ‘ಏಪ್ರಿಲ್‌ನಾಗ ಕೋಣೆನ ಇನ್‌ಕ್ಯುಬೇಟರ್ ಐತಲ್ರಿ’ ಅನ್ನುವ ಜಾಣರಿದ್ದಾರೆ. ಆಗದು.

ಔಷಧ ಕರಗಿಸಿದ ದ್ರಾವಕ ಡಿಎಂಎಸ್‌ಒ ಮಾತ್ರ ಇರುವ ಡಿಸ್ಕ್ ಒಂದು, ಗೊತ್ತಿರುವ ಆ್ಯಂಟಿಬಯೋಟಿಕ್ ಡಿಸ್ಕ್ ಒಂದು ಜೊತೆಗಿರಲಿ. ಎಟಿಸಿಸಿ 25922 ಎಂಬ, ಹೋಲಿಕೆಗೆಂದೇ ಬಳಸುವ ಇ. ಕೊಲೈ ತಳಿಯ ಮೇಲೂ ಅದೇ ದಿನ ಗೊತ್ತಿರುವ ಡಿಸ್ಕ್ ಇಟ್ಟು, ಬಂದ ವಲಯ ನಿಗದಿತ ಮಿತಿಯೊಳಗಿದೆಯೇ ನೋಡಿ.

ಇಷ್ಟಾದರೂ ಹೊಸ ಸಂಯುಕ್ತಕ್ಕೆ ವಲಯವೊಂದೇ ಸಾಲದು. ಕೊಲಿಸ್ಟಿನ್‌ನಂಥ ದೊಡ್ಡ ಅಣು ಅಗಾರಿನಲ್ಲಿ ಸರಿಯಾಗಿ ಹರಡುವುದೇ ಇಲ್ಲ, ಅಂದಮಾತ್ರಕ್ಕೆ ಅದು ದುರ್ಬಲವಲ್ಲ. ಆದ್ದರಿಂದ 96 ಗುಂಡಿಗಳ ತಟ್ಟೆಯಲ್ಲಿ ಔಷಧವನ್ನು ಅರ್ಧರ್ಧ ತೆಳುಮಾಡುತ್ತ ಹೋಗಿ, ಮಿಲಿಲೀಟರಿಗೆ 5 ಲಕ್ಷ ಬ್ಯಾಕ್ಟೀರಿಯಾ ಇರುವಂತೆ ಹಾಕಿ. ಬೆಳವಣಿಗೆ ಕಾಣದ ಗುಂಡಿಗಳಲ್ಲಿ ಔಷಧದ ಅತಿ ಕಡಿಮೆ ಪ್ರಮಾಣವೇ ಉತ್ತರ. ಔಷಧವಿಲ್ಲದ ಒಂದು ಗುಂಡಿ, ಬ್ಯಾಕ್ಟೀರಿಯಾ ಇಲ್ಲದ ಇನ್ನೊಂದು ಗುಂಡಿ ಇಡದೆ ಮಾತ್ರ ನನ್ನ ಬಳಿ ಬರಬೇಡಿ.