ಹಲವು ಮನೆಮಾತುಗಳ ತರಗತಿಯನ್ನು ನಡೆಸುವ ಬಗೆ

ಕೊಡಗಿನ ಪ್ರಾಥಮಿಕ ಶಾಲೆಯೊಂದರ ಒಂದೇ ಬೆಂಚಿನಲ್ಲಿ ಕೊಡವ ತಕ್ಕ್ (ಕೊಡವರ ಭಾಷೆ), ಅರೆಭಾಷೆ (ಕೊಡಗಿನ ಗೌಡರ ಮನೆಮಾತು), ಮಲಯಾಳಂ, ತುಳು, ಆದಿವಾಸಿ ಎರವರ ಮಾತು ಆಡುವ ಮಕ್ಕಳು ಕೂತಿರುವುದು ಅಪರೂಪವಲ್ಲ; ತೋಟದ ಲೈನ್‌ಮನೆಗಳಿಗೆ ಅಸ್ಸಾಮಿನಿಂದ ಬಂದವರ ಮಕ್ಕಳೂ ಈಗ ಅವರ ಜೊತೆಗಿದ್ದಾರೆ. ವರ್ಷಕ್ಕೊಮ್ಮೆ ಕೊಡವರ ಸಾಂಪ್ರದಾಯಿಕ ಉಡುಪಾದ ಕುಪ್ಯ, ಚೇಲೆ ತೊಡಿಸಿ ವೇದಿಕೆ ಹತ್ತಿಸಿದರೆ ಒಳ್ಳೆಯ ಫೋಟೊ ಸಿಗುತ್ತದೆ, ಅಷ್ಟೆ. ಮಕ್ಕಳು ಪರಸ್ಪರ ಕಲಿಯಬೇಕಾದರೆ ಅವರವರ ಮನೆಮಾತು ಪಾಠದೊಳಗೆ ಬರಬೇಕು.

ಜೂನ್‌ನಲ್ಲಿ ಶಾಲೆ ಶುರುವಾದಾಗ ಯಾರ ಮನೆಯಲ್ಲಿ ಯಾವ ಮಾತು ಎಂಬುದನ್ನು ತಿಳಿದುಕೊಳ್ಳಿ. ಎಲ್ಲರೆದುರು ನಿಲ್ಲಿಸಿ ಕೇಳಿದರೆ ಸಂಕೋಚದ ಮಗು ಕನ್ನಡವೆಂದೇ ಹೇಳಿ ಕೂತುಬಿಡುತ್ತದೆ, ಆದ್ದರಿಂದ ಮೊದಲು ನಿಮ್ಮ ಮನೆಯ ಮಾತನ್ನು ಹೇಳಿ, ಆಮೇಲೆ "ಅಜ್ಜಿ ನಿನ್ನನ್ನು ಊಟಕ್ಕೆ ಹೇಗೆ ಕರೆಯುತ್ತಾರೆ?" ಎಂದು ವಿಚಾರಿಸಿ.

ಬಳಿಕ ವಾರಕ್ಕೊಂದು ಪದವನ್ನು ಹಲಗೆಯ ಮೇಲೆ ಬರೆಯಿಸಿ. ಕನ್ನಡದ ಹಾಲು ಕೊಡವ ತಕ್ಕ್‌ನಲ್ಲೂ ಮಲಯಾಳದಲ್ಲೂ ಪಾಲ್, ತುಳುವಿನಲ್ಲಿ ಪೇರ್. ಕೊಡಗಿನ ಸುಗ್ಗಿಹಬ್ಬವಾದ ಪುತ್ತರಿಯನ್ನು ಕನ್ನಡದಲ್ಲಿ ಹುತ್ತರಿ ಎನ್ನುವುದನ್ನು ಪಕ್ಕದಲ್ಲಿ ಬರೆದರೆ ಪಕಾರ ಹಕಾರವಾಗುವ ನಿಯಮವನ್ನು ಐದನೆಯ ತರಗತಿಯವರೇ ಕಂಡುಹಿಡಿಯುತ್ತಾರೆ. ಕೊಡವ ತಕ್ಕ್‌ನಲ್ಲಿ ನರಿ ಎಂದರೆ ಹುಲಿ. ಹುಲಿ ಕೊಂದ ವೀರನಿಗೆ ಮಾಡುತ್ತಿದ್ದ ಗೌರವದ ಹೆಸರೇ ನರಿಮಂಗಲ. ದ್ರಾಕ್ಷಿಗೆ ಹಾರುವ ನರಿಯ ಕಥೆಯನ್ನು ಓದುವಾಗ ಕೊಡವ ಮಗುವಿನ ಕಣ್ಣೆದುರು ಪಟ್ಟೆಹುಲಿ ನೆಗೆಯುತ್ತಿದ್ದರೆ ನಗುವ ಬದಲು, ಆ ಹುಲಿಯನ್ನೂ ಬಿಡಿಸಲು ಹೇಳಿ.

ಬರೆಯಲು ಕನ್ನಡ ಲಿಪಿ ಸಾಕು. ಬಾಯಿಂದ ಬಾಯಿಗೆ ಬಂದ ಕೊಡವ ಹಾಡುಗಳನ್ನು ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ 1924ರಲ್ಲಿ 'ಪಟ್ಟೋಲೆ ಪಳಮೆ'ಯಾಗಿ ಹೊರತಂದದ್ದು ಈ ಲಿಪಿಯಲ್ಲಿಯೇ. ಕೊಡವ ಹಾಗೂ ಅರೆಭಾಷೆ ಅಕಾಡೆಮಿಗಳೆರಡೂ ಮಡಿಕೇರಿಯಲ್ಲಿರುವುದರಿಂದ ಆ ಭಾಷೆಗಳ ಪುಸ್ತಕ ಕೇಳಿ ತರಬಹುದು. ಎರವ ಮಾತಿಗೆ ಮಕ್ಕಳ ನೋಟ್‌ಬುಕ್ಕೇ ಪಠ್ಯವಾಗಬೇಕಾದೀತು.

ಪುತ್ತರಿಯ ಹೊತ್ತಿಗೆ ಒಂದು ಕಟ್ಟು ಕದಿರು ತರಿಸಿ. ಗದ್ದೆಯ ಒಡೆಯರ ಮನೆಯ ಮಗು "ಪೊಲಿ ಪೊಲಿ ದೇವಾ" ಎಂದು ಕೂಗುತ್ತಾ ಕದಿರು ತೆಗೆಯುವ ಕ್ರಮವನ್ನು ವಿವರಿಸಿದ ಮೇಲೆ, ಅಂಥ ಗದ್ದೆಯಲ್ಲಿ ನಾಟಿ ಮಾಡಿದ ಎರವ ಅಜ್ಜಿಯೊಬ್ಬರನ್ನು ಕರೆದು, ಕುರ್ಚಿ ಹಾಕಿ ಕೂರಿಸಿ, ಆ ದಿನದ ಕೂಲಿಗೆ ಕಡಿಮೆಯಿಲ್ಲದ ಗೌರವಧನ ಕೊಟ್ಟು, ಸಸಿಮಡಿಯಿಂದ ಕೊಯ್ಲಿನವರೆಗಿನ ಕೆಲಸವನ್ನು ಅವರ ಮಾತಿನಲ್ಲಿಯೇ ಹೇಳಿಸಿ. ಪೂಜೆಯನ್ನು ಮಾತ್ರ ತರಗತಿಯಲ್ಲಿ ಮಾಡಿಸಬೇಡಿ. ಅದು ಮನೆಯವರಿಗೆ ಬಿಟ್ಟ ವಿಷಯ. ಅಜ್ಜಿ ಹೇಳಿದ ಪದಗಳನ್ನು ಅವರ ಮೊಮ್ಮಗಳೇ ಹಲಗೆಯ ಮೇಲೆ ಬರೆಯಲಿ, ಉಳಿದವರು ನೋಡಿ ಬರೆದುಕೊಳ್ಳಲಿ.