ನಿಮ್ಮ ಜೋಡಿಯ ಕಥೆ ಮಾತ್ರ ಬೇಕಾ? ಹೀಗೆ ಹುಡುಕಿ

ಅಭಿಮಾನಿಗಳು ಬರೆದ ಕಥೆಗಳ ತಾಣವಾದ ಆರ್ಕೈವ್ ಆಫ್ ಅವರ್ ಓನ್‌ನಲ್ಲಿ ನಿಮ್ಮಿಷ್ಟದ ಜೋಡಿಯ ಟ್ಯಾಗ್ ತೆರೆದು, ಫಿಲ್ಟರ್‌ನಲ್ಲಿರುವ ಸರ್ಚ್ ವಿದಿನ್ ರಿಸಲ್ಟ್ಸ್ ಬಾಕ್ಸ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ otp: true ಅಂತ ಟೈಪ್ ಮಾಡಿ (ಇಲ್ಲಿ ಓಟಿಪಿ ಅಂದ್ರೆ ಒನ್ ಟ್ರೂ ಪೇರಿಂಗ್, ಮನಸ್ಸಿಗೆ ಹಿಡಿದ ಒಂದೇ ಜೋಡಿ), ಆಮೇಲೆ ಸಾರ್ಟ್ ಆ್ಯಂಡ್ ಫಿಲ್ಟರ್ ಒತ್ತಿ. ಆ ಒಂದೇ ಜೋಡಿಯ ಟ್ಯಾಗ್ ಇರುವ ಕಥೆಗಳಷ್ಟೇ ಉಳಿಯುತ್ತವೆ. ಟ್ಯಾಗ್ ಪುಟದಲ್ಲಿ ಮುಖ್ಯ ಜೋಡಿ, ಪಕ್ಕದ ಜೋಡಿ ಅನ್ನೋ ಭೇದವೇ ಇಲ್ಲ, ಹಾಗಾಗಿ ಹದಿನೈದು ಜೋಡಿಗಳ ಟ್ಯಾಗ್ ಹಾಕಿ ನಿಮ್ಮವರಿಬ್ಬರನ್ನು ಏಳನೇ ಅಧ್ಯಾಯದಲ್ಲಿ ಒಂದು ಸಾಲು ಸುಮ್ನೆ ಕೈ ಹಿಡಿಸಿ ಬಿಟ್ಟ ಕಥೆಯೂ ಅಲ್ಲೇ ಬಂದು ಕೂರುತ್ತದೆ. ಈ ಪದ ಹಾಕಿದರೆ ಅವೆಲ್ಲ ಹೊರಗೆ. ಆದರೆ ಒಳ್ಳೆಯವೂ ಕೆಲವು ಹೋಗುತ್ತವೆ. ಆ್ಯಂಡ್ ಗುರುತು (&) ಹಾಕಿದ ಗೆಳೆತನ, ಅಣ್ಣ-ತಂಗಿ ಟ್ಯಾಗ್‌ಗಳೂ ಸಂಬಂಧದ ಲೆಕ್ಕಕ್ಕೇ ಬರುತ್ತವೆ, ಹಾಗಾಗಿ ಗೆಳೆಯರ ಗುಂಪು ಜಾಸ್ತಿ ಇರುವ ಉದ್ದನೆ ಕಥೆಗಳು ಮಾಯ. ಮೂವರ ಪ್ರೇಮಕಥೆಗಳಿಗಂತೂ ಇದು ಅಷ್ಟಾಗಿ ಆಗಿಬರಲ್ಲ, ಯಾಕಂದ್ರೆ ಮೂವರ ಟ್ಯಾಗ್ ಜೊತೆ ಒಳಗಿನ ಇಬ್ಬಿಬ್ಬರ ಟ್ಯಾಗನ್ನೂ ಬಹಳ ಮಂದಿ ಹಾಕಿರುತ್ತಾರೆ. ಅಂಥ ಕಡೆ ನಿಮಗೆ ಬೇಡವೇ ಬೇಡ ಅನಿಸುವ ಜೋಡಿಯನ್ನು ಎಕ್ಸ್‌ಕ್ಲೂಡ್ ಭಾಗದ ಅದರ್ ಟ್ಯಾಗ್ಸ್ ಬಾಕ್ಸ್‌ಗೆ ಹಾಕುವುದೇ ವಾಸಿ. ಇನ್ನು ಬರೆದವರು ಪಕ್ಕದ ಜೋಡಿಗೆ ಟ್ಯಾಗೇ ಹಾಕದಿದ್ದರೆ ಯಾವ ಫಿಲ್ಟರೂ ಹಿಡಿಯಲ್ಲ, ಕಥೆಯ ಮೇಲಿರುವ ಅವರ ಟಿಪ್ಪಣಿ ಓದಿಯೇ ಒಳಗೆ ಹೋಗಬೇಕು.